ಬಿಸಿಗೆ ಅಳಿಸುವ ಪೆನ್ನಿನ ಗೆರೆ ಕ್ವಿಲ್ಟ್ ಮೇಲಿಂದ ನಿಜವಾಗಿ ಹೋಗುತ್ತಾ?

ಫ್ರಿಕ್ಷನ್ ಎಂಬ ಈ ಪೆನ್ನಲ್ಲಿ ಹತ್ತಿ ಕ್ವಿಲ್ಟ್ ಮೇಲೆ ಡಿಸೈನ್ ಬರೆದುಕೊಂಡು, ಹೊಲಿದ ಮೇಲೆ ಇಸ್ತ್ರಿ ಹಾಕಿ ಅಳಿಸಬಹುದಾ, ಆಮೇಲೆ ಅದನ್ನು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಮಗಳಿಗೆ ಕಳಿಸಬೇಕು ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅದರಲ್ಲೂ ಆ ಊರಿಗೆ ಹೋಗುವ ಕ್ವಿಲ್ಟ್‌ಗೆ ಬೇಡವೇ ಬೇಡ.

ಇಸ್ತ್ರಿ ತಾಗಿದ ಕೂಡಲೇ ಗೆರೆ ಮಾಯವಾಗುತ್ತದೆ, ನಿಜ. ಆದರೆ ಶಾಯಿ ಬಟ್ಟೆಯಲ್ಲೇ ಇರುತ್ತದೆ. ಜಪಾನಿನ ಪೈಲಟ್ ಕಂಪನಿ ಇದನ್ನು ಮಾಡಿದ್ದು ಕಾಗದದ ಮೇಲೆ ಬರೆಯುವುದಕ್ಕೆ. ಶಾಯಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿವೆ. ಪ್ರತಿಯೊಂದರಲ್ಲೂ ಬಣ್ಣದ ಪದಾರ್ಥ, ಅದನ್ನು ಎದ್ದು ಕಾಣಿಸುವ ಇನ್ನೊಂದು ಪದಾರ್ಥ. ಸುಮಾರು 60 ಡಿಗ್ರಿ ಬಿಸಿಗೆ ಎರಡೂ ಬೇರೆಯಾಗುತ್ತವೆ, ಬಣ್ಣ ಕಾಣುವುದಿಲ್ಲ. ಮೈನಸ್ 10ರ ಆಸುಪಾಸಿಗೆ ಇಳಿದರೆ ಮತ್ತೆ ಕೂಡಿಕೊಳ್ಳಲು ಶುರು. ಮೈನಸ್ 20ರ ಹೊತ್ತಿಗೆ ಗೆರೆ ವಾಪಸ್ ಬಂದಿರುತ್ತದೆ. ಮಿನಿಯಾಪೊಲಿಸ್‌ನ ಜನವರಿ ರಾತ್ರಿಗಳಲ್ಲಿ ಅಷ್ಟು ಚಳಿ ಅಪರೂಪವೇನಲ್ಲ, ಅಲ್ವಾ? ಪಾರ್ಸೆಲ್ ಬಾಗಿಲ ಹೊರಗೆ ಬಿದ್ದಿದ್ದರೂ, ಕಾರಿನ ಡಿಕ್ಕಿಯಲ್ಲಿ ಒಂದು ರಾತ್ರಿ ಉಳಿದರೂ ಸಾಕು.

ಗಾಢ ಬಣ್ಣದ ಬಟ್ಟೆಯಲ್ಲಿ ತೊಂದರೆ ಇನ್ನೂ ಜಾಸ್ತಿ. ಕಡುನೀಲಿ ತುಂಡಿನ ಮೇಲೆ ಕೆಂಪು ಪೆನ್ನಲ್ಲಿ ಎಳೆದು ನೋಡಿದ್ದೇನೆ. ಇಸ್ತ್ರಿ ಎತ್ತಿದಾಗ ಕೆಂಪು ಹೋಗಿ, ಸರಿಯಾಗಿ ಜಾಲಿಸದ ಸೋಪು ಒಣಗಿದ ಹಾಗೆ ಬೆಳ್ಳನೆ ಗೆರೆ ಉಳಿದಿತ್ತು. ಒಗೆದರೂ ಪೂರ್ತಿ ಬಿಡಲಿಲ್ಲ.

ನಾನು ಈ ಪೆನ್ ಇಟ್ಟುಕೊಂಡಿರುವುದು ಕತ್ತರಿಸುವ ಗುರುತಿಗೆ, ಹೊಲಿಗೆಯೊಳಗೆ ಮಡಚಿ ಹೋಗುವ ಅಂಚಿಗೆ ಮಾತ್ರ. ಮೇಲೆ ಕಾಣುವ ಡಿಸೈನಿಗೆ ತಿಳಿ ಬಟ್ಟೆಯಾದರೆ ನೀರಿಗೆ ಹೋಗುವ ನೀಲಿ ಪೆನ್, ಗಾಢ ಬಟ್ಟೆಯಾದರೆ ಟೈಲರ್ ಚಾಕ್. ನೀಲಿ ಪೆನ್ನಿನ ಗೆರೆಯನ್ನು ಮೊದಲು ತಣ್ಣೀರಿನಲ್ಲಿ ಪೂರ್ತಿ ತೊಳೆಯಿರಿ. ಅದಕ್ಕೆ ಮುಂಚೆ ಇಸ್ತ್ರಿ ತಾಗಿಸಿದರೆ ಗೆರೆ ಬಟ್ಟೆಗೆ ಕಚ್ಚಿಕೊಂಡುಬಿಡುತ್ತದೆ. ನೇರ ಸಾಲುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಪಕ್ಕದಲ್ಲೇ ಹೊಲಿಯಬಹುದು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯ ಅಂಚಿನಿಂದ ಶುರು ಮಾಡಿ, ಸಾಲಿನ ಪಕ್ಕ ಸಾಲು ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಹಿಂದಿನ ಸಾಲೇ ಮುಂದಿನದಕ್ಕೆ ಗೆರೆ. ಆ ಕೈಚಳಕ ನನಗೆ ತುಂಬಾ ಇಷ್ಟ.

ಇಷ್ಟಾದರೂ ಅದೇ ಪೆನ್ ಬೇಕು ಅನ್ನಿಸಿದರೆ, ನಿಮ್ಮ ಕ್ವಿಲ್ಟ್‌ನ ಪ್ರತಿ ಬಟ್ಟೆಯಿಂದಲೂ ಒಂದೊಂದು ಚೂರು ತೆಗೆದುಕೊಳ್ಳಿ. ಗೆರೆ ಎಳೆದು, ಇಸ್ತ್ರಿ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಗ್ಗೆ ಹೊರಗೆ ತೆಗೆದು ನೋಡಿಯೇ ಮುಂದುವರಿಯಿರಿ.