ಮೀನಿನ ಟ್ಯಾಂಕಿನ ಹಿಂದಿನ ಕೋಣೆಯ ನೀರು ಮಾತ್ರ ಇಳಿಯುತ್ತಿದ್ದರೆ

ಮಗಳ ಜೊತೆ ಕಟ್ಟಿದ 40 ಲೀಟರ್ ರೀಫ್ ಟ್ಯಾಂಕಿನಲ್ಲಿ (ಹವಳ, ಮೀನು ಸಾಕೋ ಉಪ್ಪುನೀರಿನ ತೊಟ್ಟಿ) ಪಂಪ್ ಇರೋ ಹಿಂದಿನ ಕೋಣೆಯ ನೀರಷ್ಟೇ ದಿನಾ ಇಳಿಯುತ್ತೆ, ಸೋರಿಕೆಯಾ ಅಂತ ಕೇಳಿದ್ದೀರಿ. ಹೊರಗೆಲ್ಲೂ ಒದ್ದೆಯಿಲ್ಲ ಅಂದಮೇಲೆ ಅದು ಬರೀ ಆವಿ ಸಾರ್. ಮುಂಭಾಗದ ಮಟ್ಟವನ್ನು ಅಡ್ಡಗೋಡೆ ಹಿಡಿದಿಡುತ್ತೆ, ಕೊರತೆಯೆಲ್ಲ ಹಿಂದೆ ಕಾಣುತ್ತೆ.

ಆದರೆ ಉಪ್ಪುನೀರು ತುಂಬಿಸುತ್ತಿದ್ದೀರಲ್ಲ, ಅದನ್ನು ಇವತ್ತೇ ನಿಲ್ಲಿಸಿ. ನೀರು ಹಾರುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಬರೀ ಆರ್‌ಒ ನೀರು ಹಾಕಿ, ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರ್ 1.025ರ (ನೀರಿನ ಸಾಪೇಕ್ಷ ಸಾಂದ್ರತೆ) ಆಸುಪಾಸು ತೋರಿಸಲಿ. ಈಗಾಗಲೇ ಏರಿದ್ದರೆ ಎರಡು ಮೂರು ದಿನದಲ್ಲಿ ನಿಧಾನಕ್ಕೆ ಇಳಿಸಿ.

ಹಿಂದಿನ ಕೋಣೆಯ ಗಾಜಿಗೊಂದು ಟೇಪ್ ಅಂಟಿಸಿ, ಆ ಗೆರೆವರೆಗೆ ತುಂಬಿಸೋದು ಮಗಳ ಕೆಲಸ. (ನಮ್ಮನೆಯಲ್ಲಿ ನಾನು ಮರೆತರೂ ಮಗ ಮರೆಯಲ್ಲ.) ಕ್ಲೌನ್ ಮೀನು ತಂದು ಬಿಡೋಕೆ ಆತುರ ಬೇಡ, ನೀರಿನಲ್ಲಿ ಮೀನಿಗೆ ವಿಷವಾಗೋ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲಿ.