ಕಾಲಿನ ನರ ತೆಗೆದರೆ ಅಪ್ಪ ನಡೆಯುವುದು ಹೇಗೆ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮ ಅಪ್ಪನಿಗೆ 61 ವರ್ಷ. ತೊಗರಿ ಬೆಳೆಯುತ್ತಾರೆ. ಶುಗರ್ ಇದೆ, ಬೀಡಿ ಚಟವೂ ಇದೆ. ಆಂಜಿಯೋಗ್ರಾಂನಲ್ಲಿ ಮೂರು ಬ್ಲಾಕ್ ಬಂದಿವೆ. ಎದೆಯಿಂದ ಒಂದು, ಕಾಲಿನಿಂದ ಎರಡು ನರ ತೆಗೆದು ಬೈಪಾಸ್ ಮಾಡಬೇಕಂತೆ. "ಕಾಲಾಗಿನ ನರ ತಗದ್ರ ನಾ ಹೊಲಕ್ಕ ಹೋಗಾದು ಹೆಂಗ?" ಅಂತ ಅಪ್ಪ ಹಟ ಹಿಡಿದಿದ್ದಾರೆ. ಕೈಯಿಂದ ತೆಗೆಯಲು ಆಗುವುದಿಲ್ಲವೇ?
– ಓದುಗರು, ಜೇವರ್ಗಿ

ಉತ್ತರ: ಕಲಬುರಗಿಯ ಓಪಿಡಿಯಲ್ಲಿ ಈ ಮಾತು ನನಗೆ ರೂಢಿಯಾಗಿಬಿಟ್ಟಿದೆ. ಅಪ್ಪ ಆರಾಮಾಗಿ ನಡೆಯುತ್ತಾರೆ. ತೆಗೆಯುವುದು ಚರ್ಮದ ಕೆಳಗಿನ ರಕ್ತನಾಳ. ಕಾಲಿನ ರಕ್ತ ಹೆಚ್ಚಾಗಿ ವಾಪಸ್ ಬರುವುದು ಆಳದ ನಾಳಗಳಲ್ಲಿ, ಅವನ್ನು ಯಾರೂ ಮುಟ್ಟುವುದಿಲ್ಲ. ಕೆಲವು ವಾರ ಪಾದ ಊದಬಹುದು, ಕೂತಾಗ ಕಾಲು ಮೇಲಿಟ್ಟುಕೊಳ್ಳಲಿ. ಜಾಸ್ತಿ ಎಚ್ಚರ ಬೇಕಾದ್ದು ಎದೆಮೂಳೆಗೆ. ಆಪರೇಷನ್‌ಗೆ ಸೀಳಿ, ಆಮೇಲೆ ಸ್ಟೀಲ್ ತಂತಿಯಲ್ಲಿ ಬಿಗಿದ ಆ ಮೂಳೆ ಕೂಡಲು ಎರಡು-ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತೊಗರಿ ಚೀಲ ಎತ್ತುವಂತಿಲ್ಲ.

ನೀವು ಸರ್ಜನ್ ಹತ್ತಿರ ಕೇಳಬೇಕಾದ್ದು ಒಂದೇ: "ಎದೆಯ ನಾಳವನ್ನು ಎಲ್‌ಎಡಿಗೆ ಹಾಕುತ್ತೀರಾ?" ಎಲ್‌ಎಡಿ ಅಂದರೆ ಹೃದಯದ ಮುಂಭಾಗದ ದೊಡ್ಡ ನಾಳ. ದೊಡ್ಡದು ಅಂದರೂ ನಾವು ಹೊಲಿಯುವ ಜಾಗದಲ್ಲಿ ಸುಮಾರು ಎರಡು ಮಿಲಿಮೀಟರ್ ಅಗಲ. ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಕೂದಲಿನಷ್ಟು ಸಣ್ಣ ದಾರದಲ್ಲಿ ಹೊಲಿಯುತ್ತೇವೆ. ಎದೆಗೂಡಿನ ಒಳಗೋಡೆಯ ಎಡಗಡೆ ಇಳಿಯುವ ಅಪಧಮನಿಯ (ಹೃದಯದಿಂದ ರಕ್ತ ಒಯ್ಯುವ ನಾಳದ) ಮೇಲಿನ ತುದಿಯನ್ನು ಸಾಮಾನ್ಯವಾಗಿ ಹಾಗೇ ಬಿಟ್ಟು, ಕೆಳಗಿನ ತುದಿಯನ್ನಷ್ಟೇ ಬಿಡಿಸಿ ಅಲ್ಲಿಗೆ ಸೇರಿಸುವುದು. ಹತ್ತು ವರ್ಷ ಕಳೆದರೂ ನೂರರಲ್ಲಿ 90ಕ್ಕೂ ಹೆಚ್ಚು ತೆರೆದೇ ಇರುತ್ತವೆ. ಇದನ್ನು ಹಾಕಿಸಿಕೊಂಡವರು ಜಾಸ್ತಿ ವರ್ಷ ಬದುಕುತ್ತಾರೆ ಅಂತ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 1986ರಲ್ಲೇ ಲೆಕ್ಕ ಸಮೇತ ತೋರಿಸಿದ್ದಾರೆ.

ಕಾಲಿನ ನಾಳಕ್ಕೆ ಅಷ್ಟು ಬಾಳಿಕೆ ಇಲ್ಲ. ಹತ್ತು ವರ್ಷದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮುಚ್ಚುತ್ತವೆ, ಇಲ್ಲಾ ಕೆಡುತ್ತವೆ. ಡ್ರಿಪ್ ಪೈಪನ್ನು ನೇರ ಬೋರ್‌ವೆಲ್ ಮೋಟಾರಿಗೆ ಜೋಡಿಸಿದ ಹಾಗೆ, ಅಪಧಮನಿಯ ಒತ್ತಡ ಅದಕ್ಕೆ ಅಭ್ಯಾಸವಿಲ್ಲ. ಆದರೂ ಅದನ್ನು ಬಳಸುತ್ತೇವೆ. ಬೇಕಾದಷ್ಟು ಉದ್ದ ಸಿಗುತ್ತದೆ, ತೆಗೆಯುವುದೂ ಸುಲಭ. ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆ ತಪ್ಪದೆ ತಗೊಂಡರೆ ಬಾಳಿಕೆ ಹೆಚ್ಚುತ್ತದೆ. ಬೀಡಿ ಇವತ್ತೇ ಬಿಡಲಿ. ಆಪರೇಷನ್ ಆದಮೇಲೆ ಬಿಡುತ್ತೇನೆ ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ.

ಕೈಯ ನಾಳ ಕಾಲಿನದಕ್ಕಿಂತ ಒಳ್ಳೆಯದೇ. ಆದರೆ ಅದನ್ನು ತೆಗೆದಮೇಲೂ ಅಂಗೈಗೆ ರಕ್ತ ಸಾಕಾಗುತ್ತದಾ ಅಂತ ಮಣಿಕಟ್ಟು ಒತ್ತಿ ನೋಡಬೇಕು. ಅದನ್ನು ಹಾಕಬೇಕಾದರೆ ಹೃದಯದ ನಾಳದ ಬ್ಲಾಕ್ ಬಿಗಿಯಾಗಿರಬೇಕು. ಹಳೇ ದಾರಿಯಲ್ಲೇ ರಕ್ತ ಚೆನ್ನಾಗಿ ಹರಿಯುತ್ತಿದ್ದರೆ ಹೊಸ ನಾಳ ಸೊರಗುತ್ತದೆ. ಆಂಜಿಯೋಗ್ರಾಂ ಯಾವ ಕೈಯಿಂದ ಆಗಿದೆಯೋ ಆ ಕೈ ಸಾಮಾನ್ಯವಾಗಿ ಬೇಡ. ಶುಗರ್‌ನಿಂದ ಕಿಡ್ನಿ ಸೋತಿದ್ದರೂ ಬೇಡ, ಮುಂದೆ ಡಯಾಲಿಸಿಸ್‌ಗೆ ಅದೇ ಕೈ ಬೇಕಾಗಬಹುದು. ಕ್ರಿಯಾಟಿನೈನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ) ಎಷ್ಟಿದೆ ಅಂತ ನೀವು ಬರೆದಿಲ್ಲ. ರಿಪೋರ್ಟ್ ತಗೊಂಡು ಹೋಗಿ ಅವರ ಸರ್ಜನ್‌ಗೇ ತೋರಿಸಿ.

ಪ್ರಶ್ನೆ: ಹೃದಯ ನಿಲ್ಲಿಸದೆ ಮಾಡುವ ಬೈಪಾಸ್ ಮೇಲಾ?
– ಓದುಗರು, ಭಾಲ್ಕಿ

ಉತ್ತರ: ಎಲ್ಲರಿಗೂ ಅಲ್ಲ. ಮಹಾಪಧಮನಿಯಲ್ಲಿ, ಅಂದರೆ ಹೃದಯದಿಂದ ಹೊರಡುವ ಮುಖ್ಯ ನಾಳದಲ್ಲಿ, ಸುಣ್ಣ ಕಟ್ಟಿದ್ದರೆ ಹೃದಯ ನಿಲ್ಲಿಸದೆ, ಆ ನಾಳವನ್ನು ಮುಟ್ಟದೆ ಮಾಡುವುದು ಲೇಸು, ಪಾರ್ಶ್ವವಾಯುವಿನ ಭಯ ಕಡಿಮೆ. ಉಳಿದಂತೆ ನಿಮ್ಮ ಸರ್ಜನ್ ಯಾವುದನ್ನು ದಿನಾ ಮಾಡುತ್ತಾರೋ ಅದನ್ನೇ ಮಾಡಲಿ ಬಿಡಿ.