ರೇಸಲ್ಲಿ ಬಿದ್ದು ಸೀಸನ್ ಕಳ್ಕೊಂಡ ಹುಡುಗನಿಗೆ ದೇವ್ರ ಮಾತು ಹೇಳೋದು ಹೆಂಗೆ?

ಪರಿಚಯದ ಹುಡುಗ ಬೈಕ್ ರೇಸಲ್ಲಿ ಬಿದ್ದು ಕಾಲು ಮುರ್ಕೊಂಡಿದಾನೆ, ಸೀಸನ್ ಪೂರ್ತಿ ಹೋಯ್ತು, ದೇವ್ರು ಪ್ರಾರ್ಥನೆ ಅಂತ ಧೈರ್ಯ ಹೇಳೋಣ ಅಂದ್ರೆ ಮಾತೇ ಬರ್ತಿಲ್ಲ ಅಂತ ಬರ್ದಿದೀರ. ನಾನೂ ಹಿಂದೆ ರೇಸ್ ಓಡ್ಸಿ ಬಿದ್ದವ್ನೇ, ಈಗ ಬಿದ್ದೋರ ಪಕ್ಕ ಹೋಗಿ ಕೂರ್ತೀನಿ ಅಷ್ಟೇ, ಅದ್ಕೆ ಅನ್ಸಿದ್ದು ಹೇಳ್ತೀನಿ.

"ಜೀವ ಉಳೀತಲ್ಲ, ದೇವ್ರು ದೊಡ್ಡೋನು" ಅನ್ನೋದನ್ನ ದಯವಿಟ್ಟು ಬಿಡಿ. ನಂಗೂ ಬಂದೋರೆಲ್ಲಾ ಅದನ್ನೇ ಹೇಳಿದ್ರು. ಸುಳ್ಳಲ್ಲ, ಆದ್ರೆ ಅದನ್ನ ಕೇಳಿದ್ಮೇಲೆ ಬದುಕಿದೀನಲ್ಲ ಇನ್ನೇನು ಗೋಳು ಅಂತ ನಮಗೇ ನಾಚಿಕೆಯಾಗಿ ಸೋತ ಸಂಕಟ ಒಳಗೇ ಕೂತುಬಿಡುತ್ತೆ. 2016ರ ರಿಯೋ ಒಲಿಂಪಿಕ್ಸಲ್ಲಿ ನಮ್ಮ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಪ್ರೊಡುನೋವಾ ವಾಲ್ಟ್ ಅನ್ನೋ ಅಪಾಯದ ಪಲ್ಟಿ ಮಾಡಿದ್ರಲ್ಲ, ಲ್ಯಾಂಡಿಂಗ್ ತಪ್ಪಿದ್ರೆ ಕತ್ತೇ ಹೋಗೋ ಅಂಥದ್ದು, ಕಂಚು ತಪ್ಪಿದ್ದು 0.15 ಪಾಯಿಂಟಲ್ಲಿ. ಸದ್ಯ ಏನೂ ಆಗ್ಲಿಲ್ವಲ್ಲ ಅಂದ್ಬಿಟ್ರೆ ಆ 0.15ನ ಎಲ್ಲಿ ಇಟ್ಕೋಬೇಕು ಹೇಳಿ?

ಫಾರ್ಮುಲಾ ಒನ್ ಕಾರ್ ರೇಸರ್ ನಿಕಿ ಲಾಡಾ ಕಥೆ ನಂಗೆ ಪದೇಪದೇ ನೆನಪಾಗುತ್ತೆ. 1976ರ ಆಗಸ್ಟಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗಲ್ಲಿ ಕಾರಿಗೆ ಬೆಂಕಿ ಹತ್ಕೊಂಡು ಸುಟ್ಟು ಆಸ್ಪತ್ರೇಲಿದ್ದಾಗ ಪಾದ್ರಿ ಬಂದು ಸಾಯೋರಿಗೆ ಮಾಡೋ ಸಂಸ್ಕಾರನೂ ಮುಗಿಸಿಬಿಟ್ರು, ಆಸಾಮಿ ಆರು ವಾರಕ್ಕೆ ಇಟಲಿಯ ಮೊಂಜಾ ರೇಸಲ್ಲಿ ಕಾರಲ್ಲಿ ಕೂತು ನಾಲ್ಕನೆಯವನಾಗಿ ಬಂದ. ಆಮೇಲೆ ಆ ಸೀಸನ್ನಿನ ಕೊನೇ ರೇಸ್ ಜಪಾನಿನ ಫುಜಿಯಲ್ಲಿ, ಸುರಿಯೋ ಮಳೆ, ಎರಡು ಲ್ಯಾಪ್ ಆದ್ಮೇಲೆ ಇದು ಆಗಲ್ಲ ಅಂತ ತಾನೇ ಇಳಿದ, ಚಾಂಪಿಯನ್‌ಶಿಪ್ ಬರೀ ಒಂದು ಪಾಯಿಂಟಲ್ಲಿ ಎದುರಾಳಿ ಜೇಮ್ಸ್ ಹಂಟ್ ಪಾಲಾಯ್ತು. ನನ್ನ ಕೇಳಿದ್ರೆ ಪಕ್ಕದಲ್ಲಿ ಯಾರಾದ್ರೂ ಬೇಕಾಗಿದ್ದು ಆಸ್ಪತ್ರೆಗಿಂತ ಹೆಚ್ಚಾಗಿ ಆ ಸಾಯಂಕಾಲ. 77ರಲ್ಲಿ ಮತ್ತೆ ಗೆದ್ದ ಅನ್ನೋದು ನಮಗೆ ಗೊತ್ತು, ಆವತ್ತು ಅವನಿಗೆ ಗೊತ್ತಿರ್ಲಿಲ್ವಲ್ಲ!

ಪ್ರಾರ್ಥನೆ ಮಾಡಬಹುದು, ಅವ್ನನ್ನ ಕೇಳಿ ಮಾಡಿ, ಬೇಡ ಅಂದ್ರೆ ಬೇಜಾರಿಲ್ದೆ ಬಿಟ್ಬಿಡಿ. ಮಾಡಿದ್ರೂ ಅವನ ಬಾಯಲ್ಲಿ ಬಂದಿದ್ದನ್ನೇ ಬೇಡ್ಕೊಳ್ಳಿ, ಸಿಟ್ಟಿದ್ರೆ ಸಿಟ್ಟನ್ನೇ, ದೇವ್ರಿಗೇನು ಬೈಗುಳ ಹೊಸದಾ. ದೇವ್ರ ಇಚ್ಛೆ ಇದು ಅಂತ ನೀವಾಗೇ ಅರ್ಥ ಕಟ್ಟೋಕೆ ಹೋಗ್ಬೇಡಿ, ಅದು ಅವನಿಗೆ ಒಂದಿನ ಅನ್ಸಿದ್ರೆ ಅನ್ಸಲಿ. "ದೇವ್ರು ಕಾಪಾಡ್ತಾನೆ, ಮುಂದಿನ ಸಲ ನೀನೇ ಗೆಲ್ಲೋದು" ಅನ್ನೋದಂತೂ ಬೇಡ್ವೇ ಬೇಡ, ಆ ಧೈರ್ಯಕ್ಕೇ ಮೂಳೆ ಕೂಡೋಕೆ ಮುಂಚೆ ಬೈಕ್ ಹತ್ತೋರಿದಾರೆ. ಅವನು ಹೇಳಿದ್ದು ಟೀಮ್‌ಗೆ, ಸ್ಪಾನ್ಸರ್‌ಗೆ ಹೋಗ್ಬಾರ್ದು, ಭಯ ಆಗ್ತಿದೆ ಅಂದಿದ್ದು ಹೊರಗೆ ಬಂದ್ರೆ ಸೀಟೇ ಹೋಗಬಹುದು.

ಇನ್ನೊಂದು, ತಲೆಗೆ ಏಟು ಬಿದ್ದಿದ್ರೆ ಸಿಡುಕು, ನಿದ್ದೆಗೇಡು, ಮಂಕು ಇದೆಲ್ಲಾ ಆ ಏಟಿಂದಲೇ ಬರಬಹುದು, ನಂಬಿಕೆ ಕಮ್ಮಿಯಾಗಿದೆ ಅಂತ ತಿಳ್ಕೊಳ್ಳದೆ ಡಾಕ್ಟರ್ ಹತ್ರ ಕಳ್ಸಿ. ಸಾಯೋ ಮಾತು ಬಂದ್ರೆ ಆವತ್ತೇ ಕರ್ಕೊಂಡು ಹೋಗಿ, ಗುಟ್ಟು ಅಂತ ಮುಚ್ಚಿಡೋದಲ್ಲ ಅದು.

ಯಾವಾಗ ಹೋಗ್ಬೇಕು ಅಂದ್ರೆ, ಮೊದಲ ವಾರ ಹೂಗುಚ್ಛ ಹಿಡ್ಕೊಂಡು ಹೋಗೋಕೆ ಬೇಕಾದಷ್ಟು ಜನ ಇರ್ತಾರೆ. ಮುಂದಿನ ರೌಂಡ್ ನಡೆಯೋ ದಿನ ಟೀಮೆಲ್ಲಾ ಟ್ರ್ಯಾಕಲ್ಲಿರುತ್ತೆ, ಇವನು ಮಂಚದ ಮೇಲೆ ಒಬ್ಬನೇ. ಆವತ್ತು ಹೋಗಿ. ರೇಸ್ ನೋಡ್ತೀಯಾ, ಟೀವಿ ಆಫ್ ಮಾಡ್ಲಾ ಅಂತ ಅವನನ್ನೇ ಕೇಳಿ.